ಮೊದ್ಲು ವೆಲ್ಡಿಂಗ್ ಮಷೀನ್, ಆಮ್ಯಾಲ ವೈಸ್: ಉಲ್ಟಾ ಖರೀದಿ ಮಾಡ್ದವನ ರಿವ್ಯೂ

ಮನಿ ಮಾಳಿಗಿ ಮ್ಯಾಲ ಹತ್ತು ಬೈ ಹನ್ನೆರಡರ ಟಿನ್ ಶೆಡ್ ಹಾಕ್ಕೊಂಡು ಕಬ್ಬಿಣದ ಕೆಲ್ಸ ಕಲಿಲಾಕ ಶುರು ಮಾಡಿ ಹದಿನಾಲ್ಕ್ ತಿಂಗಳಾಯ್ತು. ಹೊಟ್ಟಿಪಾಡಿಗೆ ನಾ ಮಾಡೋದು ಕಲಬುರಗಿ ಗಂಜ್‌ದಾಗ ಒಂದು ದಾಲ್ ಮಿಲ್ ಆಫೀಸ್‌ನಾಗ ಕುಂತು ಬಿಲ್ ಎಂಟ್ರಿ, ದಿನಾ ತೊಗರಿ ಕ್ವಿಂಟಲ್ ಲೆಕ್ಕ, ಸಂಜಿಗೆ ಮನಿಗೆ ಬಂದ್ರ ಕೈಯಾಗ ಏನರ ಹಿಡ್ಕೊಂಡು ಬಡೀಬೇಕು ಅನ್ನಿಸ್ತದ, ಅಷ್ಟೇ ಕಾರಣ. ಕಂಬಾರರ ಮನ್ಯಾಗ ಹುಟ್ದವ ಅಲ್ಲ, ಐಟಿಐ ಮೆಟ್ಲ ಹತ್ದವ ಅಲ್ಲ. ತೊಗೊಂಡ ಎಲ್ಲಾ ಸಾಮಾನಿಂದು ಒಂದೇ ಕಡಿ ರಿವ್ಯೂ ಬರಿತಿನಿ, ಯಾಕಂದ್ರ ತೊಗೊಳ್ಳೋಕಿಂತ ಮೊದ್ಲು ನಾ ಓದಿದ್ದ ರಿವ್ಯೂ ಎಲ್ಲಾ "ಡೆಲಿವರಿ ಫಾಸ್ಟ್, ಪ್ಯಾಕಿಂಗ್ ಸೂಪರ್" ಅಂತಿದ್ವು. ಪ್ಯಾಕಿಂಗ್ ಇಟ್ಕೊಂಡು ನಾ ಏನ್ ಮಾಡ್ಲಿ? ಕಂಪನಿ, ಅಂಗಡಿ ಹೆಸರು ಹಾಕಂಗಿಲ್ಲ, ಊರಾಗ ದಿನಾ ಮುಖ ನೋಡೋರು, ನನಗ ಜಗಳ ಬ್ಯಾಡ.

ಮೊದಲ್ನೇ ಖರೀದಿನೇ ವೆಲ್ಡಿಂಗ್ ಮಷೀನ್. ವಿಡಿಯೋ ನೋಡಿ ನೋಡಿ ತಲಿ ಕೆಟ್ಟಿತ್ತು, ಆನ್‌ಲೈನ್‌ನಾಗ 200 ಆ್ಯಂಪ್ ಇನ್ವರ್ಟರ್ ಮಷೀನ್ 6,400ಕ್ಕ ಬಂತು, ಜೊತಿಗೆ ಹೆಲ್ಮೆಟ್, ವೈರ್ ಬ್ರಷ್, ಹೋಲ್ಡರ್, ಅರ್ಥ್ ಕ್ಲಾಂಪ್ ಎಲ್ಲಾ ಪುಕ್ಕಟ. ಅದು ಏಪ್ರಿಲ್ ತಿಂಗಳು, ಮನ್ಯಾಗ ಕೂಲರ್ ನೆಲದ ಮ್ಯಾಲೇ ಕುಂತಿತ್ತು, ಕಿಟಕಿ ಎತ್ತರಕ್ಕ ಸ್ಟ್ಯಾಂಡ್ ಬೇಕು ಅಂತ ಅವ್ವ ಎರಡ್ ವರ್ಷದಿಂದ ಹೇಳ್ಲಕತ್ತಿದ್ಳು. 25 ಬೈ 25 ಬೈ 3 ಎಂಎಂ ಆ್ಯಂಗಲ್ ಎರಡ್ ಲೆಂತ್ ತಂದಿನಿ, ಕಬ್ಬಿಣ ಕೊಯ್ಯೋ ಕೈ ಗ್ರೈಂಡರ್ ಹಚ್ಚಿ, ಆ್ಯಂಗಲ್ ಕಾಲಿಲೆ ಒತ್ತಿ ಹಿಡ್ಕೊಂಡು, ಚಪ್ಪಲ್ ಹಾಕ್ಕೊಂಡೇ ಕಟ್ ಮಾಡಿನಿ (ಇದು ಓದಿ ಬೈಬ್ಯಾಡ್ರಿ, ಬೈಸ್ಕೊಂಡಾಗ್ಯದ), ಸಂದಿ ಬಂದಲ್ಲೆಲ್ಲಾ ವೆಲ್ಡಿಂಗ್ ರಾಡ್ ಕರಗಿಸಿ ತುಂಬಿನಿ, ಮ್ಯಾಲ ಸಿಲ್ವರ್ ಪೇಂಟ್. ದೂರಿಂದ ನೋಡಿದ್ರ ಬರೋಬ್ಬರಿ ಕಾಣ್ತಿತ್ತು. ಕೂಲರ್ ಇಟ್ಟು, ನೀರ್ ತುಂಬಿ, ಫ್ಯಾನ್ ಹಚ್ಚಿದ್ವಿ, ರಾತ್ರಿ ಎರಡ್ ಗಂಟೆಗೆ ಅವ್ವ ಎಬ್ಬಿಸಿ "ಏ, ನಿನ್ನ ಕೂಲರ್ ಬಾಗಿಲ ಕಡಿ ನಡ್ಕೋತ ಹೊಂಟದ ನೋಡೋ" ಅಂದ್ಳು. ಖರೇ ಹೊಂಟಿತ್ತು. ಸ್ಟ್ಯಾಂಡಿನ ನಾಲ್ಕ್ ಕಾಲಾಗ ಮೂರೇ ನೆಲಕ್ಕ ಹತ್ತಿದ್ವು, ಫ್ಯಾನಿನ ಅದುರಿಗೆ ಅದು ಶಹಾಬಾದ್ ಕಲ್ಲಿನ ಫರ್ಸಿ ಮ್ಯಾಲ ಟಕಟಕ ಅಂತ ಒಂದೊಂದೇ ಹೆಜ್ಜಿ ಇಡ್ಲಕತ್ತಿತ್ತು.

ನಮ್ಮ ಓಣ್ಯಾಗ ಒಬ್ರು ಕಾಕಾ ಅದಾರ, ವಾಡಿ ಕಡಿ ಸಿಮೆಂಟ್ ಫ್ಯಾಕ್ಟರ್ಯಾಗ ಫಿಟ್ಟರ್ ಆಗಿ ರಿಟೈರ್ ಆದೋರು. ಮರುದಿನ ಅವ್ರಿಗೆ ತೋರಿಸ್ದಿನಿ. ವೆಲ್ಡಿಂಗ್ ನೋಡ್ತಾರ, ಚೂರು ಶಾಬಾಸ್ ಅಂತಾರ ಅಂತ ಅನ್ಕೊಂಡಿದ್ನಿ. ಅವ್ರು ಕಿಸೆದಾಗಿಂದ ಟೇಪ್ ತೆಗ್ದು ಮೂಲಿಯಿಂದ ಮೂಲಿಗೆ ಅಳದ್ರು, ಒಂದು ಕಡಿ ಅಳತಿಗೂ ಇನ್ನೊಂದು ಕಡಿ ಅಳತಿಗೂ 14 ಎಂಎಂ ಫರಕ್, ಅಂದ್ರ ಚೌಕಟ್ಟೇ ಸೊಟ್ಟ.

"ತಮ್ಮಾ, ವೆಲ್ಡಿಂಗ್ ಮಾತು ಆಮ್ಯಾಲ ಇರ್ಲಿ. ಕಟ್ ಮಾಡುವಾಗ ಎದ್ರಾಗ ಹಿಡ್ದಿದ್ದಿ?"

"ಕಾಲಿಲೆ ಕಾಕಾ."

"ವೈಸ್ ಇಲ್ಲೇನು?"

"ಇಲ್ರಿ. ಅದು ಆಮ್ಯಾಲ ತೊಗೋಬೇಕಂತ…"

ವೈಸ್ ಅಂದ್ರ ಕಬ್ಬಿಣದ ತುಂಡು ಅಲ್ಲಾಡ್ಲಾರದಂಗ ಬಿಗಿದು ಹಿಡಿಯೋ ದವಡಿ. ಕಾಕಾ ಏನೂ ಅನ್ಲಿಲ್ಲ, ಟೇಪ್ ಕಿಸೆದಾಗ ಇಟ್ಕೊಂಡು ಹೋಗಿಬಿಟ್ರು. ಆ ಹೋಗಿದ್ದೇ ನನಗ ಸಿಕ್ಕ ಮೊದಲ್ನೇ ರಿವ್ಯೂ. ಈಗ ನನ್ನ ರಿವ್ಯೂಗೆ ಬರ್ತಿನಿ.

ಮಷೀನಿಂದ ಶುರು ಮಾಡ್ತಿನಿ, ಯಾಕಂದ್ರ ಎಲ್ಲಾರೂ ಅದನ್ನೇ ಕೇಳೋದು. ಮಷೀನ್ ಕೆಟ್ಟದ್ದಲ್ಲ. ಹಳೀ ಕಾಲದ ಆಯಿಲ್ ಟ್ರಾನ್ಸ್‌ಫಾರ್ಮರ್ ಮಷೀನ್ ಇಬ್ರು ಕೂಡಿ ಎತ್ತಬೇಕಿತ್ತು, ಇದು ಒಂದು ಕೈಲೆ ಮಾಳಿಗಿ ಹತ್ತಿಸಬೌದು, ಆರ್ಕ್ (ರಾಡಿಗೂ ಕಬ್ಬಿಣಕ್ಕೂ ನಡುವಿನ ಕಿಡಿ) ಲಗು ಹತ್ತತದ, 6013 ಅಂಬೋ ನಮೂನಿ ರಾಡ್ ಹಾಕಿದ್ರ ಹೊಸಬರ ಕೈಗೂ ನಡೀತದ. ತಕರಾರು ಇರೋದು ಆ 200 ಅಂಬೋ ನಂಬರಿಂದು. ಲೆಕ್ಕ ಹೇಳ್ತಿನಿ, ಬಿಲ್ ಎಂಟ್ರಿ ಮಾಡೋನು ಲೆಕ್ಕ ಬಿಡಂಗಿಲ್ಲ. 200 ಆ್ಯಂಪ್ ಹೊರಗ ಬರ್ಬೇಕಂದ್ರ ಆರ್ಕ್ ಮ್ಯಾಲ ಸುಮಾರು 28 ವೋಲ್ಟ್ ಇರ್ತದ, ಅಂದ್ರ ಐದೂವರಿ ಕಿಲೋವ್ಯಾಟಿಗಿಂತ ಜಾಸ್ತಿ ಆಯ್ತು, ಮಷೀನ್ ತಾನು ತಿನ್ನೋದು ಸೇರಿಸಿದ್ರ ಗ್ವಾಡಿ ಪ್ಲಗ್ಗಿನಿಂದ 30 ಆ್ಯಂಪ್ ಹತ್ರ ಎಳೀಬೇಕಾಗ್ತದ. ಮನಿ ಪವರ್ ಪ್ಲಗ್ ಇರೋದೇ 16 ಆ್ಯಂಪಿಂದು. ಅಂದ್ರ ಆ 200 ಬರೀ ಸ್ಟಿಕರ್ ಮ್ಯಾಲ. ಹಂಗಂತ ಮನಿ ಕೆಲ್ಸಕ್ಕ ಅಷ್ಟು ಬೇಕಾಗಂಗೇ ಇಲ್ಲ, ಎರಡೂವರಿ ಎಂಎಂ ರಾಡಿಗೆ 70ರಿಂದ 80 ಆ್ಯಂಪ್ ಸಾಕು, ಅದಕ್ಕ ಪ್ಲಗ್ಗಿನಿಂದ 10ರಿಂದ 15 ಆ್ಯಂಪ್ ಎಳೀತದ, ಮನಿ ವೈರಿಂಗ್ ಚಲೋ ಇದ್ರ ನಡೀತದ. ಅಂಗಡ್ಯಾಗ ಎರಡೂವರಿ ರಾಡ್ ಅಂದ್ರ ಕೆಲವ್ರಿಗೆ ತಿಳಿಯಂಗಿಲ್ಲ, 12 ನಂಬರ್ ಅನ್ರಿ, ಲಗು ತೆಗ್ದು ಕೊಡ್ತಾರ. ಅದಕ್ಕಿಂತ ದಪ್ಪಂದು 10 ನಂಬರ್, ಅದು ಮೂರ್ ಎಂಎಂ ಮ್ಯಾಲಿಂದು, ಹೊಸಬರು ಸಧ್ಯ ಅದರ ಗೊಡವಿಗೆ ಹೋಗಬ್ಯಾಡ್ರಿ.

ಇನ್ನೊಂದು ನಂಬರ್ ಅದ, ಡ್ಯೂಟಿ ಸೈಕಲ್ ಅಂತ. ಡಬ್ಬಿ ಮ್ಯಾಲ 60 ಪರ್ಸೆಂಟ್ ಅಂತ ಬರ್ದಿರ್ತಾರ, ಅಂದ್ರ ಹತ್ತು ನಿಮಿಷದಾಗ ಆರು ನಿಮಿಷ ವೆಲ್ಡ್ ಮಾಡು, ನಾಲ್ಕ್ ನಿಮಿಷ ಸುಮ್ಮ ಬಿಡು. ಈ ಅಳತಿ ಹಾಕೋದಕ್ಕ ಒಂದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಅದ, ಐಇಸಿ 60974 ಅಂತ, ಅದರ ಪ್ರಕಾರ ಸುತ್ತಲಿನ ಗಾಳಿ 40 ಡಿಗ್ರಿ ಇದ್ದಾಗ ಟೆಸ್ಟ್ ಮಾಡ್ಬೇಕು. ಈಗ ನೀವೇ ಹೇಳ್ರಿ, ಮೇ ತಿಂಗಳಾಗ ಕಲಬುರಗ್ಯಾಗ ನೆರಳಿಗೇ 40 ದಾಟಿರ್ತದ, ನನ್ನ ಶೆಡ್ ಇರೋದು ಟಿನ್ನಿನ ಕೆಳಗ, ಬಟ್ಟಿ ಇದ್ದಂಗ. ಮಧ್ಯಾಹ್ನ ಮೂರ್ ರಾಡ್ ಸುಡೋದ್ರಾಗ ಹಳದಿ ಲೈಟ್ ಹತ್ತಿ ಮಷೀನ್ ಬಂದ್. ಕೆಟ್ಟೋಯ್ತು ಅಂತ ಹೆದರಿ ಕಸ್ಟಮರ್ ಕೇರಿಗೆ ಫೋನ್ ಹಚ್ಚಿದ್ರ, ಆ ಕಡಿ ಹುಡುಗ "ಸರ್, ಮಷೀನ್ ಕೂಲ್ ಪ್ಲೇಸ್‌ನಾಗ ಇಟ್ಟು ಯೂಸ್ ಮಾಡಿ" ಅಂದ. ತಮ್ಮಾ, ಈ ಊರಾಗ ಕೂಲ್ ಪ್ಲೇಸ್ ಇದ್ರ ನಾನೇ ಅಲ್ಲಿ ಹೋಗಿ ಕೂಡ್ತಿದ್ನಿ ಅಂದಿನಿ. ಈಗ ಬ್ಯಾಸಗಿದಾಗ ವೆಲ್ಡಿಂಗ್ ಬೆಳಿಗ್ಗೆ ಆರರಿಂದ ಎಂಟರ ತನಕ, ಇಲ್ಲಾಂದ್ರ ರಾತ್ರಿ. ಲೈಟ್ ಹತ್ತಿದ್ರ ಸ್ವಿಚ್ ಬಂದ್ ಮಾಡಬ್ಯಾಡ್ರಿ, ಫ್ಯಾನ್ ಒಳಗ ತಿರುಗ್ಲಿ, ಹತ್ತು ನಿಮಿಷಕ್ಕ ತಾನೇ ಬರ್ತದ.

ಅದಾದ ಮ್ಯಾಲೂ ರಾಡ್ ಅಂಟ್ಕೊಳ್ಳೋದು ಬಿಡ್ಲಿಲ್ಲ. ಮಷೀನ್ ವಾಪಸ್ ಮಾಡೋ ತನಕ ಹೋಗಿದ್ನಿ. ಕಡೀಕ ಸಿಕ್ಕ ಕಳ್ಳ ಯಾವುದಂದ್ರ ಕೆಳಗಿನ ಮನಿಯಿಂದ ಮ್ಯಾಲ ತನಕ ಎಳ್ದಿದ್ದ ಇಪ್ಪತ್ ಮೀಟರ್ ಎಕ್ಸ್‌ಟೆನ್ಶನ್ ವೈರ್. ಮದುವಿ ಮನ್ಯಾಗ ಸೀರಿಯಲ್ ಲೈಟ್ ಹಚ್ಚೋ ಅಂಥದ್ದು, ಒಳಗಿನ ತಾಮ್ರ ಮುಕ್ಕಾಲ್ ಸ್ಕ್ವೇರ್ ಎಂಎಂ. ಅಷ್ಟು ತೆಳು ವೈರಿನಾಗ 15 ಆ್ಯಂಪ್ ಹರಿದ್ರ ಹೋಗೋದು ಬರೋದು ಸೇರಿ ಸುಮಾರು 15 ವೋಲ್ಟ್ ವೈರೇ ನುಂಗ್ತದ. ಮೊದ್ಲೇ ಮಧ್ಯಾಹ್ನ ಓಣಿ ತುಂಬ ಕೂಲರ್, ಬೋರ್ ಮೋಟಾರ್ ಹಚ್ಚಿರ್ತಾರ, ವೋಲ್ಟೇಜ್ ಕೆಳಗ ಇಳ್ದಿರ್ತದ, ಅದರಾಗ ಇನ್ನ 15 ಹೋದ್ರ ಮಷೀನಿಗೆ ಏನ್ ಉಳಿತದ? ವೈರ್ ಮುಟ್ಟಿ ನೋಡಿದ್ರ ಬಿಸಿ ರೊಟ್ಟಿ ಇದ್ದಂಗ ಇತ್ತು. ಎಲೆಕ್ಟ್ರಿಷಿಯನ್ ಕರ್ಸಿ ಮೀಟರ್ ಬೋರ್ಡಿನಿಂದ ಸೀದಾ 4 ಸ್ಕ್ವೇರ್ ಎಂಎಂ ವೈರ್, ಮ್ಯಾಲ ಬ್ಯಾರೆ ಎಂಸಿಬಿ (ಲೋಡ್ ಜಾಸ್ತಿ ಆದ್ರ ತಾನೇ ಬೀಳೋ ಸ್ವಿಚ್), ಬರೋಬ್ಬರಿ ಅರ್ಥಿಂಗ್ ಹಾಕಿಸ್ದಿನಿ, 3,800 ಹೋಯ್ತು, ಅಂದ್ರ ಮಷೀನಿನ ಅರ್ಧಕ್ಕಿಂತ ಜಾಸ್ತಿ. ಇದು ಯಾವ ವಿಡಿಯೋದಾಗೂ ಹೇಳಂಗಿಲ್ಲ. ಮಷೀನಿಗೆ ಮೂರೂವರಿ ಸ್ಟಾರ್, ಆ ವೈರಿಗೆ ಐದು.

ಪುಕ್ಕಟ ಬಂದ ಹೆಲ್ಮೆಟಿಗೆ ಸೊನ್ನಿ. ಕೈಲೆ ಹಿಡಿಯೋ ಪ್ಲಾಸ್ಟಿಕ್ ತಟ್ಟಿ, ಗ್ಲಾಸ್ ಸಡಿಲು, ಬಾಜುನಿಂದ ಬೆಳಕು ಒಳಗ ಬರ್ತಿತ್ತು. ವೆಲ್ಡ್ ಮಾಡುವಾಗ ಏನೂ ಗೊತ್ತಾಗ್ಲಿಲ್ಲ, ರಾತ್ರಿ ಹನ್ನೊಂದಕ್ಕ ಎರಡೂ ಕಣ್ಣಾಗ ಉಸುಕು ಸುರುವಿದಂಗ ಆಗಿ ಬೆಳಗಾಗೋ ತನಕ ಕುಂತಲ್ಲೇ ಕುಂತಿನಿ. ಆರ್ಕಿನ ಅಲ್ಟ್ರಾವಯಲೆಟ್ ಬೆಳಕು ಹಂಗೇ, ಸುಡೋದು ಆಗ, ತಿಳಿಯೋದು ಆರೇಳು ತಾಸಿನ ಮ್ಯಾಲ. ಓಣ್ಯಾಗಿನವ್ರು ಆಲೂಗಡ್ಡಿ ಇಡು, ಹಾಲ್ ಹಾಕು ಅಂದ್ರು, ನಾ ಡಾಕ್ಟರ್ ಹತ್ರ ಹೋದಿನಿ, ನೀವೂ ಅದನ್ನೇ ಮಾಡ್ರಿ. ಆಮ್ಯಾಲ ತಾನೇ ಕಪ್ಪಾಗೋ ಆಟೋ ಡಾರ್ಕ್ ಹೆಲ್ಮೆಟ್ 1,900ಕ್ಕ ತೊಗೊಂಡಿನಿ, 80 ಆ್ಯಂಪಿಗೆ ಗ್ಲಾಸಿನ ಕಪ್ಪು, ಅಂದ್ರ ಶೇಡ್, 10 ನಂಬರಿಗೆ ಇಟ್ಕೊತಿನಿ, ಎರಡೂ ಕೈ ಖಾಲಿ ಇರ್ತಾವ, ಎಲ್ಲಿ ವೆಲ್ಡ್ ಶುರು ಮಾಡ್ಲಕತ್ತೀನಿ ಅಂತ ಮೊದ್ಲೇ ಕಾಣ್ತದ. ಇದನ್ನ ಮಷೀನಿನ ಜೊತಿಗೇ ತೊಗೋಬೇಕಿತ್ತು. ಇನ್ನೊಂದು ಮಾತು, ಜಿಐ ಪೈಪ್ ಪುಕ್ಕಟ ಸಿಕ್ತು ಅಂತ ಅದಕ್ಕ ವೆಲ್ಡಿಂಗ್ ಹಚ್ಚಬ್ಯಾಡ್ರಿ, ಮ್ಯಾಲಿನ ಸತು ಕಬ್ಬಿಣ ಕರಗೋಕಿಂತ ಎಷ್ಟೋ ಮೊದ್ಲೇ, 907 ಡಿಗ್ರಿಗೇ ಕುದ್ದು ಬಿಳಿ ಹೊಗಿ ಆಗ್ತದ, ಆ ಹೊಗಿ ಕುಡದ್ರ ರಾತ್ರಿ ಚಳಿಜ್ವರ.

ಗ್ರೈಂಡರ್. ನಾಲ್ಕ್ ಇಂಚಿಂದು, 2,750. ಕೆಲ್ಸಕ್ಕ ನಾಲ್ಕೂವರಿ ಸ್ಟಾರ್. ಆದ್ರ ಒಂದು ಮಾತು ನಮ್ಮ ಕಡಿ ಮಂದಿಗೆ ಹೇಳ್ಲೇಬೇಕು. ಇದರ ಸ್ವಿಚ್ ಮುಂದ ತಳ್ಳಿದ್ರ ಅಲ್ಲೇ ಲಾಕ್ ಆಗಿ ಕೂಡ್ತದ. ಕೆಲ್ಸ ನಡೆದಾಗ ಕರೆಂಟ್ ಹೋಯ್ತು, ನಾ ಗ್ರೈಂಡರ್ ಕೆಳಗಿಟ್ಟು ಚಹಾ ಕುಡಿಲಾಕ ಕೆಳಗ ಹೋದಿನಿ, ಮ್ಯಾಲ ಬರೋದ್ರಾಗ ಕರೆಂಟ್ ಬಂದು ಗ್ರೈಂಡರ್ ತನ್ನಷ್ಟಕ್ಕ ತಾನೇ ಶುರು ಆಗಿ ಶೆಡ್ ತುಂಬ ಕುಣಿಲಕತ್ತಿತ್ತು, ತನ್ನ ವೈರ್ ತಾನೇ ಕಡಕೊಂಡ ಮ್ಯಾಲ ಸುಮ್ನಾಯ್ತು. ಕಾಲ್ ಇದ್ದಿದ್ರ ಕಾಲ್ ಹೋಗ್ತಿತ್ತು. ತೊಗೊಳ್ಳುವಾಗ ಬೆರಳು ಬಿಟ್ರ ಬಂದ್ ಆಗೋ ಪ್ಯಾಡಲ್ ಸ್ವಿಚ್ಚಿಂದು, ಇಲ್ಲಾಂದ್ರ ಕರೆಂಟ್ ಬಂದ್ರೂ ತಾನೇ ಶುರು ಆಗ್ಲಾರದಂಥದ್ದು ಕೇಳಿ ತೊಗೊಳ್ರಿ. ಇರೋದ್ರಾಗೇ ನಡಿಸೋರು ಕರೆಂಟ್ ಹೋದ ಕೂಡ್ಲೇ ಪ್ಲಗ್ ಕೀಳೋ ರೂಢಿ ಮಾಡ್ಕೊಳ್ರಿ.

ಡಿಸ್ಕಿಂದು ಬ್ಯಾರೇನೇ ಕಥಿ. ಸೂಪರ್ ಮಾರ್ಕೆಟ್ ಕಡಿ ಒಂದು ಹಾರ್ಡ್‌ವೇರ್ ಅಂಗಡ್ಯಾಗ 25 ಕಟಿಂಗ್ ವ್ಹೀಲಿನ ಡಬ್ಬಿ ತಂದಿದ್ನಿ, ನಡುವಿನ ತೂತಿನ ಸುತ್ತ ತಗಡಿನ ಬಳಿ ಇರ್ತದಲ್ಲ, ಅದರ ಮ್ಯಾಲ ತಾರೀಖು ಒತ್ತಿರ್ತಾರ, ಅದನ್ನ ನೋಡೋದು ಗೊತ್ತೇ ಇರ್ಲಿಲ್ಲ. ರೆಸಿನ್ನಿನಿಂದ ಕಟ್ಟಿದ ವ್ಹೀಲ್ ಮೂರ್ ವರ್ಷ ಆದ್ಮ್ಯಾಲ ನಂಬಬಾರದು, ನನಗ ಕೊಟ್ಟಿದ್ದು ಮುಗ್ದು ಹತ್ತು ತಿಂಗಳಾಗಿತ್ತು. ನಾಲ್ಕ್ ಇಂಚಿನ ವ್ಹೀಲ್ ಮ್ಯಾಲ 15,300 ಆರ್‌ಪಿಎಂ (ನಿಮಿಷಕ್ಕ ಅಷ್ಟು ಸುತ್ತು) ಅಂತ ಬರ್ದಿರ್ತದ, ಆ ವೇಗದಾಗ ಅದರ ಅಂಚು ಸೆಕೆಂಡಿಗೆ 80 ಮೀಟರ್ ಓಡ್ತದ, ಒಡ್ದು ಹಾರಿದ್ರ ವ್ಹೀಲ್ ಮುಚ್ಚೋ ಗಾರ್ಡ್ ಒಂದೇ ನಿಮ್ಮನ್ನ ಉಳಿಸೋದು. ವಾಪಸ್ ತೊಗೊಂಡು ಹೋದ್ರ ಅಂಗಡಿಯಾತ "ಏ ಸಾಹೇಬ್ರ, ಇದೇನ್ ಬ್ರೆಡ್ ಏನು, ಬೂಷ್ಟು ಹಿಡಿಲಾಕ" ಅಂತ ನಕ್ಕ. ಮಾತಿಗೆ ಫುಲ್ ಮಾರ್ಕ್ಸ್, ಸರ್ವಿಸಿಗೆ ಒಂದು ಸ್ಟಾರ್. ಆ ಮ್ಯಾಲ ಆ ಅಂಗಡಿಗೆ ಹೋಗಿಲ್ಲ. ಕಟ್ಟಿಗಿ ಕೊಯ್ಯೋ ಹಲ್ಲಿನ ಬ್ಲೇಡ್ ಗ್ರೈಂಡರಿಗೆ ಕೂಡ್ತದ ಅಂತ ತೋರಿಸಿದ್ದೂ ಇದೇ ಮಹಾನುಭಾವ, ಅದನ್ನ ಯಾರೂ ಹಾಕಬ್ಯಾಡ್ರಿ, ಸಿಕ್ಕೊಂಡ್ರ ಹೊಳ್ಳಿ ಮೈ ಮ್ಯಾಲೇ ಬರ್ತದ.

ಗ್ರೈಂಡರಿನ ಪುಡಿಯಿಂದ ಓಣ್ಯಾಗ ಒಂದು ಜಗಳನೂ ಆಗ್ಯದ. ಬಾಜು ಮನಿ ಕಾಕಿ ಅವ್ರ ಮಾಳಿಗಿ ಮ್ಯಾಲ ಸಂಡಿಗಿ ಹಾಕಿದ್ರು. ಗಾಳಿ ಆ ಕಡಿಗಿತ್ತು. ಹಸೀ ಸಂಡಿಗಿ ಮ್ಯಾಲ ಕಬ್ಬಿಣದ ಪುಡಿ ಕುಂತು ಸಂಜಿ ಅನ್ನೋದ್ರಾಗ ಜಂಗ್ ಹಿಡ್ದು ಕೆಂಪು ಚುಕ್ಕಿ ಚುಕ್ಕಿ ಆಗಿದ್ವು. "ನಿನ್ನ ಕಾರ್ಖಾನಿ ಸಲ್ಯಾಕ ನಾವು ಕಬ್ಬಿಣ ತಿನ್ಬೇಕೇನೋ?" ಅಂದ್ರು. ಐದ್ ಸೇರು ಸಂಡಿಗಿ ಹಿಟ್ಟಿನ ರೊಕ್ಕ ಕೊಟ್ಟಿನಿ, ಆ ಕಡಿ ಟಿನ್ ಹಾಕಿ ಬಂದ್ ಮಾಡಿಸ್ದಿನಿ. ಬಜೆಟ್‌ನಾಗ ಬರ್ಕೊಳ್ರಿ.

ಈಗ ವೈಸ್. ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡಿ ರಸ್ತಾದಾಗ ಒಂದು ಗುಜರಿ ಅದ, ಕಾಕಾನ ಬೈಕ್ ಹಿಂದ ಕೂಡಿಸ್ಕೊಂಡು ಹೋಗಿದ್ನಿ. ಹಳೀ ಪಂಪ್, ಟ್ರ್ಯಾಕ್ಟರ್ ಗೇರು, ಕಬ್ಬಿನ ಗಾಣದ ರೋಲರ್ ನಡುವ ಐದ್ ಇಂಚಿಂದು ಒಂದು ವೈಸ್ ಬಿದ್ದಿತ್ತು, ಜಂಗ್ ಹಿಡ್ದು ಇಟ್ಟಂಗಿ ಬಣ್ಣ ಆಗಿತ್ತು. ನಾ "ಇದು ಹಾಳಾಗ್ಯದ ಕಾಕಾ" ಅಂದಿನಿ. ಕಾಕಾ ಮಾತಾಡ್ಲಿಲ್ಲ, ಹ್ಯಾಂಡಲ್ ತಿರುವಿ ಬಾಯಿ ಪೂರಾ ತೆಗ್ದ್ರು, ಮುಂದಿನ ದವಡಿ ಹಿಡ್ದು ಮ್ಯಾಲ ಕೆಳಗ ಅಲ್ಲಾಡಿಸಿದ್ರು, ಚೂರೇ ಚೂರು ಆಟ ಇತ್ತು. ಆಮ್ಯಾಲ ಬಾಯಿ ಮುಚ್ಚಿ ಎಡಕ್ಕೊಂದು ಬಲಕ್ಕೊಂದು ಪೇಪರ್ ತುಂಡು ಸಿಕ್ಕಿಸಿ ಎಳದ್ರು, ಎರಡೂ ಒಂದೇ ಬಿಗಿ, ಅಂದ್ರ ದವಡಿ ಸೊಟ್ಟ ಆಗಿಲ್ಲ. ಸ್ಕ್ರೂ ಹೊರಗ ತೆಗ್ದು ಅದರ ಚೌಕ ಹಲ್ಲು ಕತ್ತಿ ಬಾಯಿ ಆಗ್ಯಾವೇನು ನೋಡಿದ್ರು, ಆಗಿರ್ಲಿಲ್ಲ. ಕೆಳಗ ಹೊಳ್ಳಿಸಿ ಎಲ್ಲರ ಸೀಳಿ ವೆಲ್ಡಿಂಗ್ ಮಾಡ್ಯಾರೇನು ಅಂತ ಉಗುರಿಲೆ ಕೆರದು ನೋಡಿದ್ರು, ಬೀಡು ಕಬ್ಬಿಣದ ವೈಸ್ ಒಮ್ಮೆ ಸೀಳಿತಂದ್ರ ಅದು ಬರೀ ತೂಕದ ಕಲ್ಲು. ಹತ್ತು ನಿಮಿಷ ಇದೇ ನಡೀತು. ಗುಜರಿ ಚಾಚಾ ನೋಡಿ ನೋಡಿ "ಹುಡುಗಿ ನೋಡ್ಲಾಕ ಬಂದಂಗ ನೋಡ್ಲಕತ್ತೀರಲ್ಲ" ಅಂದ್ರು. ತೂಕಕ್ಕ ಹಾಕಿದ್ರ 18 ಕೆಜಿ, ಕೆಜಿಗೆ 70ರಂಗ 1,260. ಮನಿಗೆ ತಂದು ಎರಡ್ ದಿನ ಡೀಸೆಲ್‌ನಾಗ ನೆನಸಿ, ಬ್ರಷ್ ಹೊಡ್ದು, ಗ್ರೀಸ್ ಹಚ್ಚಿದ ಮ್ಯಾಲ ಒಂದು ಬೆರಳಿಲೆ ತಿರುಗ್ತದ.

ವೈಸ್ ಬಂದ್ರ ಸಾಲಂಗಿಲ್ಲ, ಅದನ್ನ ಹಿಡಿಲಾಕ ಟೇಬಲ್ ಬೇಕು, ಟೇಬಲ್ ಹಗುರ ಇದ್ರ ವೈಸಿನ ಜೊತಿಗೆ ಅದೂ ಕುಣಿತದ. ಎರಡ್ ಫೂಟ್ ಬೈ ಮೂರ್ ಫೂಟಿನ 10 ಎಂಎಂ ಪ್ಲೇಟ್ ತಂದಿನಿ. ಇಲ್ಲಿ ಒಂದು ಲೆಕ್ಕ ನೆನಪಿಟ್ಕೊಳ್ರಿ, ಪ್ಲೇಟ್ ಒಂದು ಚದರ ಮೀಟರಿಗೆ, ಒಂದು ಎಂಎಂ ದಪ್ಪಕ್ಕ, 7.85 ಕೆಜಿ ತೂಗ್ತದ. ನನ್ನ ತುಂಡು 44 ಕೆಜಿ ಬರ್ಬೇಕಿತ್ತು, ಬಿಲ್ ಮ್ಯಾಲ 49 ಬರ್ದಿದ್ರು. ತೊಗರಿ ತೂಕದಾಗೇ ಹತ್ತು ವರ್ಷ ಕಳ್ದವ ನಾ, ಮತ್ತೊಮ್ಮೆ ಕಾಟಾಕ್ಕ ಹಾಕ್ರಿ ಅಂದಿನಿ, 44 ಬಂತು, "ಏನೋ ಮಿಸ್ಟೇಕ್ ಆಗ್ಯದ್ರಿ" ಅಂದ್ರು. ಮಿಸ್ಟೇಕ್ ಯಾವಾಗ್ಲೂ ಒಂದೇ ಕಡಿಗೆ ಆಗ್ತದ ನೋಡ್ರಿ. ಅದನ್ನ ಮಾಳಿಗಿ ಮ್ಯಾಲ ಒಯ್ಲಾಕ ನಾನು, ತಮ್ಮ, ಹಾಲಿನ ಹುಡುಗ ಮೂರೂ ಮಂದಿ ಬೇಕಾದ್ವಿ. ವೈಸಿನ ದವಡಿ ಮೊಣಕೈ ಎತ್ತರಕ್ಕ ಬರೋ ಹಂಗ ಇಡ್ಬೇಕು, ಅದಕ್ಕಿಂತ ಕೆಳಗ ಇದ್ರ ನಡ ಹಿಡಿತದ, ನಾಲ್ಕ್ 12 ಎಂಎಂ ಬೋಲ್ಟ್ ಪ್ಲೇಟಿನ ಆರಪಾರ ಹಾಕಿ ಬಿಗಿದಿನಿ. ಆಮ್ಯಾಲ ಕಾಕಾ ಒಂದು ತಿಂಗಳು ವೆಲ್ಡಿಂಗ್ ಮುಟ್ಲಾಕೇ ಬಿಡ್ಲಿಲ್ಲ. ಒಂದು ಕಬ್ಬಿಣದ ತುಂಡು ಕೊಟ್ಟು, ಫೈಲ್ (ಅರ) ಹೊಡ್ದು ನಾಲ್ಕೂ ಕಡಿ ಗುಣಿಗೆ (ಮೂಲಿ ನೆಟ್ಟಗ ಅದೇನು ನೋಡೋ ಎಲ್ ಆಕಾರದ ಪಟ್ಟಿ) ಕೂಡಿಸು ಅಂದ್ರು. ಗುಣಿ ಇಟ್ಟು ಬೆಳಕಿಗೆ ಹಿಡ್ದ್ರ ಸಂದಿನಾಗ ಬೆಳಕು ಕಾಣ್ಬಾರ್ದು. ಫೈಲ್ ಮುಂದ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದ ಬರುವಾಗ ಎತ್ತಿ ತರ್ಬೇಕು, ಇಲ್ಲಾಂದ್ರ ಹಲ್ಲು ಸವೀತದ. ಹತ್ತೊಂಬತ್ ದಿನ ಹಿಡೀತು, ತುಂಡು ಅರ್ಧ ಆಗಿತ್ತು. ಆದ್ರ ಅದು ಮುಗ್ದ ಮ್ಯಾಲ ಆ್ಯಂಗಲ್ ಕಟ್ ಮಾಡಿ ಜೋಡ್ಸಿದ್ರ ಸಂದಿ ಬರ್ಲಿಲ್ಲ, ಸಂದಿ ಇಲ್ಲ ಅಂದ್ಮ್ಯಾಲ ಅದೇ ಮಷೀನು, ಅದೇ ರಾಡು, ವೆಲ್ಡ್ ಚಲೋ ಬರ್ಲಾಕ ಹತ್ತಿತು! ಅಲ್ಲಿ ತನಕ ನಾ ಮಷೀನಿಗೆ ಬೈದಿದ್ದೆಲ್ಲಾ ವಾಪಸ್ ತೊಗೊಂಡಿನಿ, ಸ್ಟಿಕರಿಂದು ಬಿಟ್ಟು. ವೈಸಿಗೆ ಐದಕ್ಕ ಐದು, ಆರ್ ಇದ್ರ ಆರು.

ನಡುವ ಒಂದು ಆಯಿತವಾರ ಬೀದರಿಗೆ ಹೋಗಿದ್ನಿ, ಬೆಳಿಗ್ಗಿ ರೈಲಿಗೆ. ಕೋಟಿ ನೋಡಿ ಬರೋದು ಅಂತ, ಹಂಗೇ ಬಿದರಿ ಕೆಲ್ಸ ಮಾಡೋ ಓಣ್ಯಾಗ ಒಬ್ರು ಉಸ್ತಾದರ ಬಾಜು ಕುಂತು ಎರಡ್ ತಾಸು ನೋಡಿನಿ. ಬಿದರಿ ಅಂದ್ರ ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಹಾಕಿ ಎರಕ ಹೊಯ್ತಾರ, ಅದಕ್ಕ ಫೈಲ್ ಹೊಡ್ದು ನುಣುಪು ಮಾಡಿ, ಉಳಿಲೆ ಬಳ್ಳಿ ಕೊರದು, ಆ ಕೊರದ ಜಾಗಾದಾಗ ಬೆಳ್ಳಿ ತಂತಿ ಬಡೀತಾರ, ಕಡೀಕ ಕೋಟಿ ಒಳಗಿನ ಹಳೀ ಮಣ್ಣು, ನವಸಾಗರ ಕೂಡಿಸಿದ ನೀರಾಗ ಹಾಕಿದ್ರ ಲೋಹ ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳಿತದ. ಇದೆಲ್ಲಾ ನಿಮಗ ಗೊತ್ತಿದ್ದದ್ದೇ. ನನ್ನ ಕಣ್ಣಿಗೆ ಬಿದ್ದಿದ್ದು ಬ್ಯಾರೆ ಎರಡ್ ವಿಷಯ. ಒಂದು, ಅವ್ರ ಹತ್ರ ಇದ್ದ ಹೂದಾನಿ ಯಾವ ವೈಸಿನಾಗೂ ಕೂಡಂಗಿಲ್ಲ, ಗುಂಡಗ ಅದ, ಒತ್ತಿದ್ರ ತಗ್ಗು ಬೀಳ್ತದ, ಅದಕ್ಕ ಕಲ್ಲಿನ ಮ್ಯಾಲ ಮೇಣ ಕರಗಿಸಿ ಅದರಾಗ ಕೂಡಿಸಿದ್ರು, ಆರಿದ ಮ್ಯಾಲ ಅದು ಕಲ್ಲಿನ ಜೊತಿಗೆ ಒಂದೇ ಆಯ್ತು. ನಾ "ಉಸ್ತಾದ್, ಇದು ಅಲ್ಲಾಡಂಗಿಲ್ಲೇನು" ಅಂತ ಕೇಳಿದ್ರ, "ಹಿಲಾ ತೋ ಗಯಾ ಭಾಯ್" (ಅಲ್ಲಾಡ್ತಂದ್ರ ಹೋಯ್ತು ತಮ್ಮಾ) ಅಂದ್ರು, ತಲಿ ಎತ್ಲಿಲ್ಲ. ಮನ್ಯಾಗ ಕಾಲಿಲೆ ಒತ್ತಿ ಆ್ಯಂಗಲ್ ಕಟ್ ಮಾಡಿದ್ದು ನೆನಪಾಗಿ ನಾ ಸುಮ್ಮ ಕುಂತಿನಿ.

ಎರಡ್ನೇದು ಮೈಲುತುತ್ತ. ಗೆರಿ ಎಳಿಯೋಕಿಂತ ಮೊದ್ಲು ಅವ್ರು ಮೈಲುತುತ್ತದ ನೀರು ಒರ್ಸಿದ್ರು, ಬೂದಿ ಬಣ್ಣದ ಲೋಹ ಕರ್ರಗಾಯ್ತು, ಅದರ ಮ್ಯಾಲ ಮೊನಚು ಕಡ್ಡಿಲೆ ಗೀಚಿದ್ರ ಬಿಳಿ ಗೆರಿ ಎದ್ದು ಕಾಣ್ತದ. ವಾಪಸ್ ಬಂದು ಕಾಕಾಗ ಹೇಳಿದ್ರ ನಕ್ಕರು, ನಮ್ಮ ಫ್ಯಾಕ್ಟರ್ಯಾಗ ಮಾರ್ಕಿಂಗ್ ಸಲ್ಯಾಕ ಅದನ್ನೇ ಒರಸ್ತಿದ್ವಿ ಅಂದ್ರು, ಖಾಲಿ ಕಬ್ಬಿಣದ ಮ್ಯಾಲ ಅದು ಕಪ್ಪಾಗಂಗಿಲ್ಲ, ತಾಮ್ರದ ತೆಳು ಪರದಿ ಕೂಡ್ತದ. ನಾನೂ ಗಂಜಿನಾಗಿನ ಔಷಧ ಅಂಗಡ್ಯಾಗಿಂದ, ರೈತರು ಸಿಂಪಡಿಸ್ತಾರಲ್ಲ ಅದೇ ಮೈಲುತುತ್ತ, ಕಾಲ್ ಕೆಜಿ ತಂದು ನೀರಾಗ ಕರಗಿಸಿ ಇಟ್ಟೀನಿ. ಕಬ್ಬಿಣದ ಜಿಡ್ಡು ಪೂರಾ ತೆಗ್ದು ಒರಸ್ಬೇಕು, ಕೆಲ್ಸ ಆದ್ಮ್ಯಾಲ ತೊಳ್ದು ಎಣ್ಣಿ ಹಚ್ಬೇಕು, ಇಲ್ಲಾಂದ್ರ ಜಂಗ್. ವಿಷ ಅದು, ಹುಡುಗುರು ಕೈಗೆ ಸಿಗೋ ಕಡಿ ಇಡಬ್ಯಾಡ್ರಿ, ನೀರಿನ ಬಾಟ್ಲಿಗಂತೂ ಹಾಕ್ಲೇಬ್ಯಾಡ್ರಿ. ಆನ್‌ಲೈನ್‌ನಾಗ ಮಾರ್ಕಿಂಗ್ ನೀಲಿ ಅಂತ ಒಂದು ಸಣ್ಣ ಡಬ್ಬಿ 600, 700ಕ್ಕ ಮಾರ್ತಾರ, ನನಗ ಇದು ಸಾಕು.

ಇನ್ನ ಡ್ರಿಲ್ ಸ್ಟ್ಯಾಂಡ್. ಹ್ಯಾಂಡ್ ಡ್ರಿಲ್ ಮೊದ್ಲೇ ಇತ್ತು, ಅದನ್ನ ಸಿಕ್ಕಿಸಿ ನೆಟ್ಟಗ ತೂತು ಹಾಕೋ ಸ್ಟ್ಯಾಂಡ್ ಅಂತ 1,450ಕ್ಕ ಒಂದು ತೊಗೊಂಡಿನಿ. ನನ್ನ ಜೀವನದಾಗಿನ ದಂಡ ಖರೀದಿ ಇದೇ. ಕಂಬ ಬಾಗ್ತದ, ಕಾಲರ್ ಸಡಿಲು, ಹ್ಯಾಂಡಲ್ ಒತ್ತಿದ್ರ ಬಿಟ್ ಮೊದ್ಲು ಬಾಜು ಹೋಗಿ ಆಮ್ಯಾಲ ಕೆಳಗ ಬರ್ತದ. ಇದ್ರಾಗ ಹಾಕಿದ 5 ಎಂಎಂ ತೂತು ಸೊಟ್ಟ ಆಗಿ, 6 ಎಂಎಂ ಚೂಡಿ (ಬೋಲ್ಟ್ ಕೂಡೋ ಹಲ್ಲು) ಹೊಡಿಯೋ ಟ್ಯಾಪ್ ಒಳಗ ಮುರೀತು, ಮುರದ ಟ್ಯಾಪ್ ಹೊರಗ ತೆಗಿಯೋದು ಅಂದ್ರ ಶಿಕ್ಷಿ. ಸೆಂಟರ್ ಪಂಚಿಲೆ ಗುರ್ತಿನ ತಗ್ಗು ಹೊಡ್ದು, ತುಂಡನ್ನ ವೈಸಿನಾಗ ಹಿಡ್ದು, ಬಾಜು ಗುಣಿ ನಿಲ್ಸಿ, ಕೈಲೆ ಡ್ರಿಲ್ ಮಾಡಿದ್ರ ಇದಕ್ಕಿಂತ ನೆಟ್ಟಗ ಬರ್ತದ, ಖರೇ ಹೇಳ್ತಿನಿ. ವೇಗ ಜಾಸ್ತಿ ಇಡಬ್ಯಾಡ್ರಿ, 10 ಎಂಎಂ ಬಿಟ್ಟಿಗೆ ನಿಮಿಷಕ್ಕ 800 ಸುತ್ತು ಸಾಕು, ಸಣ್ಣ ಬಿಟ್ಟಿಗೆ ಜಾಸ್ತಿ, ಎರಡ್ ಹನಿ ಎಣ್ಣಿ ಬಿಡ್ಕೋತ ಇರ್ರಿ. ಟ್ಯಾಪ್ ಅರ್ಧ ಸುತ್ತು ಮುಂದ, ಕಾಲ್ ಸುತ್ತು ಹಿಂದ. ಮತ್ತ ಡ್ರಿಲ್ ತಿರುಗುವಾಗ ಕೈಗವಸ ಹಾಕಬ್ಯಾಡ್ರಿ, ಬಟ್ಟಿ ಸುತ್ಕೊಂಡ್ರ ಬೆರಳು ಸಹಿತ ಎಳ್ಕೋತದ. ವೆಲ್ಡಿಂಗಿಗೆ ಚರ್ಮದ ಕೈಗವಸ ಬೇಕು, ಡ್ರಿಲ್ಲಿಗೆ ಬ್ಯಾಡ, ಇದು ನನಗ ಉಲ್ಟಾ ತಿಳ್ದಿತ್ತು.

ಲೇಥ್ (ತುಂಡು ತಿರುಗಿಸಿ ಕೆತ್ತೋ ಮಷೀನ್) ತೊಗೋಬೇಕು ಅಂತ ಆಸೆ ಇತ್ತು. ಸಿಕಂದರಾಬಾದ್ ರಾಣಿಗಂಜಿಗೆ ಹೋಗಿ ಸಣ್ಣ ಬೆಂಚ್ ಲೇಥ್ ಮುಟ್ಟಿ ಬಂದೀನಿ, ರೇಟ್ ಕೇಳಿ ಕೈ ತೆಗ್ದಿನಿ. ಮಾಳಿಗಿ ಸ್ಲ್ಯಾಬ್ ತಡಿತದೋ ಇಲ್ಲೋ ಅದೂ ಒಂದು ಪ್ರಶ್ನಿ. ಇರ್ಲಿ.

ಮೊನ್ನೆ ಮಾರ್ಚ್‌ನಾಗ, ಶರಣಬಸವೇಶ್ವರ ಜಾತ್ರಿ ಮುಗ್ದ ವಾರಕ್ಕ, ಹಳೀ ಕೂಲರ್ ಸ್ಟ್ಯಾಂಡ್ ಕಡ್ದು ಹಾಕಿ ಹೊಸದು ಮಾಡಿನಿ. ಎಲ್ಲಾ ತುಂಡು ವೈಸಿನಾಗ ಹಿಡ್ದು ಕಟ್, ಫೈಲ್, ಗುಣಿ, ಆಮ್ಯಾಲ ನಾಲ್ಕೂ ಮೂಲಿ ಸಣ್ಣ ಟಾಕಿ (ಚುಕ್ಕಿಯಷ್ಟು ವೆಲ್ಡ್) ಹಾಕಿ ಮತ್ತ ಅಳದು, ಕರ್ಣ ಕೂಡ್ದ ಮ್ಯಾಲೇ ಪೂರಾ ವೆಲ್ಡ್. ಕಾಕಾ ಬಂದು ಮತ್ತ ಟೇಪ್ ತೆಗ್ದ್ರು. ಫರಕ್ ಒಂದೂವರಿ ಎಂಎಂ. ಅವ್ರು ಕೂಲರಿನ ಹಿಂದ ಹೋಗಿ ಒಂದು ಕಾಲಿನ ಕೆಳಗ ಉಗುರು ಹಾಕಿ ನೋಡಿದ್ರು, ಹೋಗ್ಲಿಲ್ಲ. "ಚಹಾ ಹಾಕಿಸು" ಅಂದ್ರು. ಕೂಲರ್ ರಾತ್ರಿಯೆಲ್ಲಾ ಇಟ್ಟಲ್ಲೇ ಇತ್ತು.

ಆ ಡ್ರಿಲ್ ಸ್ಟ್ಯಾಂಡ್ ಯಾರಿಗರ ಬೇಕಂದ್ರ ಹೇಳ್ರಿ, ಪುಕ್ಕಟ ಕೊಡ್ತಿನಿ, ಮಾಳಿಗಿಯಿಂದ ಕೆಳಗ ನೀವೇ ಇಳಿಸ್ಕೊಂಡು ಹೋಗ್ಬೇಕು. ವೈಸ್ ಕೇಳಬ್ಯಾಡ್ರಿ.